ಎರಡನೆಯ ಪ್ರೋಟೀನಿಗೆ ಹರಿಸಿದ ರಕ್ತ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲು ಕಲಿಯುತ್ತಿದ್ದ ವಿದ್ಯೆ ತಲೆ ತಪ್ಪಿಸಿಕೊಳ್ಳುವುದು. ನಮ್ಮ ಗೈಡ್ ಸರ್‌ಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಹಾರಿ ಬರುತ್ತಿತ್ತು. ಪೆನ್ನು, ಡಬ್ಬಿ, ಒಮ್ಮೆ ಲೀಟರಿನ ಗಾಜಿನ ಫ್ಲಾಸ್ಕು. ರಿಚರ್ಡ್ಸ್ ಟೌನಿನ ಆ ಹಳೆ ಬಂಗಲೆಯಲ್ಲಿ ಗೋಡೆಯ ಯಾವ ಕಲೆ ಯಾವ ಪ್ರಯೋಗ ಕೆಟ್ಟ ದಿನದ್ದು ಎಂದು ನಾವು ಬೆರಳು ಮಾಡಿ ತೋರಿಸಬಲ್ಲವರಾಗಿದ್ದೆವು. ನಾನೂ ಸಾಧುವೇನಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಸರ್ ಮೇಲೆ ತೋರಿಸಲಾಗದ್ದನ್ನು ಕೆಳಗಿನವರ ಮೇಲೆ ತೋರಿಸುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದಕ್ಕೆ ನಮ್ಮ ಲ್ಯಾಬಿಗಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ.

ಅದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನನ್ನ ಪಾಲಿಗೆ ಬಂದದ್ದು ಎಳೆಮಕ್ಕಳ ಎದೆಗೆ ಇಳಿದು ಉಸಿರು ಕಟ್ಟಿಸುವ ಒಂದು ವೈರಸ್ಸು. ಅದರ ಜೀನ್‌ಗಳ ಪಟ್ಟಿಯನ್ನು ಹೊರದೇಶದವರು ಆಗಲೇ ಮಾಡಿದ್ದರು. ಅವುಗಳಲ್ಲಿ ಒಂದು ಜೀನ್ ಮಾತ್ರ ವಿಚಿತ್ರ. ಅದರೊಳಗೆ ಒಂದು ಪ್ರೋಟೀನಿನ ಬರಹ ಮುಗಿಯುವ ಮುಂಚೆಯೇ ಇನ್ನೊಂದು ಸಣ್ಣ ಪ್ರೋಟೀನಿನ ಬರಹ ಶುರುವಾಗುತ್ತಿತ್ತು. ಈ ಎರಡನೆಯ ಪ್ರೋಟೀನು ನಿಜವಾಗಿ ತಯಾರಾಗುತ್ತದೆಯೋ, ಇಲ್ಲ ಬರೀ ಕಾಗದದ ಮೇಲಿನ ಲೆಕ್ಕವೋ? ನಮ್ಮೂರ ಮಗುವೊಂದರ ಮೂಗಿನಿಂದ ತೆಗೆದ ವೈರಸ್ಸಿನಲ್ಲಿ ಅದನ್ನು ಹಿಡಿದು ತೋರಿಸಬೇಕಾಗಿತ್ತು.

"ನೋಡಮ್ಮ, ಫೆಲೋಶಿಪ್ ಇರೋದು ಇನ್ನು ಮೂರು ತಿಂಗಳು," ಎಂದರು ಸರ್. "ಅಷ್ಟ್ರಲ್ಲಿ ಎರಡನೇ ಬ್ಯಾಂಡ್ ತೋರ್ಸಿದ್ರೆ ಥೀಸಿಸ್. ಇಲ್ಲಾಂದ್ರೆ ನೀನು ಬೇರೆ ಕಡೆ ನೋಡ್ಕೋಬೇಕಾಗತ್ತೆ."

ಬೇರೆ ಕಡೆ ಎಂಬುದು ಇರಲಿಲ್ಲ. ಅಪ್ಪ ಆ ವರ್ಷ ಕಾರ್ಖಾನೆಯಿಂದ ನಿವೃತ್ತರಾಗುವವರಿದ್ದರು. ಸಿ.ವಿ. ರಾಮನ್ ನಗರದ ಹತ್ತಿರದ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ಐದು ವರ್ಷ ಸವೆಸಿ ಬರಿಗೈಯಲ್ಲಿ ಮನೆಗೆ ಹೋಗುವ ಹಾಗಿರಲಿಲ್ಲ.

ಕೆಲಸದ ಹಾದಿ ಹೇಳಲು ಸುಲಭ. ಜೀನ್‌ನ ಸಂದೇಶವನ್ನು ಟ್ಯೂಬಿನಲ್ಲಿ ನಕಲು ಮಾಡಬೇಕು. ಆ ನಕಲನ್ನು ಪ್ರೋಟೀನು ಹೊಲಿಯಬಲ್ಲ ಒಂದು ರಸಕ್ಕೆ ಹಾಕಬೇಕು. ಜೊತೆಗೆ ಸ್ವಲ್ಪ ವಿಕಿರಣ ಸೂಸುವ ಗಂಧಕವಿರುವ ಅಮೈನೋ ಆಮ್ಲ ಹಾಕಿದರೆ ಹೊಸದಾಗಿ ಹುಟ್ಟಿದ ಪ್ರೋಟೀನು ಎಕ್ಸ್‌ರೇ ಫಿಲ್ಮಿನ ಮೇಲೆ ಬ್ಯಾಂಡ್ ಎನ್ನುವ ಕಪ್ಪು ಗೆರೆಯಾಗಿ ಕಾಣುತ್ತದೆ. ದೊಡ್ಡ ಪ್ರೋಟೀನಿಗೆ ಮೇಲಿನ ಗೆರೆ, ಸಣ್ಣದಕ್ಕೆ ಕೆಳಗಿನ ಗೆರೆ. ತೊಡಕು ಇದ್ದದ್ದು ಆ ರಸದಲ್ಲಿ. ಅದನ್ನು ಮಾಡುವುದು ಮೊಲದ ಎಳೆಯ ರಕ್ತಕಣಗಳಿಂದ. ಅಮೆರಿಕದಿಂದ ತರಿಸಿದ ಮೊದಲ ಪೆಟ್ಟಿಗೆ ವಿಮಾನ ನಿಲ್ದಾಣಕ್ಕೆ ಬಂದಾಗ ಕಾಗದದ ಮೇಲೆ ಸರ್ ಒಂದು ಕಡೆ ಸಹಿ ಹಾಕುವುದನ್ನು ಮರೆತಿದ್ದರು. ನಾಲ್ಕು ದಿನ ಅದು ಅಲ್ಲೇ ಕೂತಿತು. ಬಿಡಿಸಿಕೊಂಡು ಬಂದು ಬಿಚ್ಚಿದಾಗ ಒಳಗಿನ ಡ್ರೈ ಐಸ್ ಪೂರ್ತಿ ಆವಿಯಾಗಿ ರಸ ಕೆಟ್ಟ ವಾಸನೆ ಹೊಡೆಯುತ್ತಿತ್ತು. ಸರ್ ಆ ಥರ್ಮೋಕೋಲ್ ಪೆಟ್ಟಿಗೆಯನ್ನು ಒದ್ದು ಚೂರು ಮಾಡಿದರು. ಆಮೇಲೆ ಕುರ್ಚಿಯಲ್ಲಿ ಕೂತು, ಏನೂ ಆಗದವರ ಹಾಗೆ, "ನಾವೇ ಮಾಡ್ಕೊಳ್ಳೋಣ, ಪ್ರಾಣಿಮನೇಲಿ ಮೊಲ ಇದಾವಲ್ಲ," ಎಂದರು.

ಮೊಲದಿಂದ ಆ ರಸ ತೆಗೆಯುವುದು ಕಟುಕರ ಕೆಲಸ. ಐದು ದಿನ ಸತತವಾಗಿ ಕತ್ತಿನ ಚರ್ಮದ ಕೆಳಗೆ ಒಂದು ವಿಷ ಚುಚ್ಚಬೇಕು. ಅದು ಒಳಗಿನ ರಕ್ತಕಣಗಳನ್ನು ಒಡೆದು ಹಾಕುತ್ತದೆ. ಮೊಲದ ಮೂತ್ರ ಕಂದಾಗುತ್ತದೆ, ಗುಲಾಬಿ ಕಿವಿ ಮೇಣದಂತೆ ಬಿಳಿಚಿಕೊಳ್ಳುತ್ತದೆ. ಪ್ರಾಣ ಉಳಿಸಿಕೊಳ್ಳಲು ಅದರ ಎಲುಬಿನ ಮಜ್ಜೆ ಹೊಸ ಕಣಗಳನ್ನು ಅವಸರದಲ್ಲಿ ಹೊರಗೆ ತಳ್ಳುತ್ತದೆ. ನಮಗೆ ಬೇಕಾದದ್ದು ಆ ಅವಸರದ ಎಳೆಯ ಕಣಗಳು. ಎಂಟನೆಯ ದಿನ ಮತ್ತು ಬರಿಸಿ, ಎದೆಗೆ ದಪ್ಪ ಸೂಜಿ ಇಳಿಸಿ, ಬಡಿಯುತ್ತಿರುವ ಹೃದಯದಿಂದಲೇ ಕೊನೆಯ ಹನಿವರೆಗೂ ರಕ್ತ ಎಳೆಯಬೇಕು.

ಪ್ರಾಣಿಮನೆ ನೋಡಿಕೊಳ್ಳುತ್ತಿದ್ದವನು ಸುರಪುರದ ಕಡೆಯವನು. ಮರ್ಫಿ ಟೌನಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಹೆಂಡತಿಯೊಂದಿಗೆ ಇದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನಿರಬಹುದು. ನನ್ನನ್ನು ಶಾಲೆಯ ಮೇಡಂ ಎಂಬಂತೆ ಅಕ್ಕೋರ ಎನ್ನುತ್ತಿದ್ದ. ಮೊಲ ಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ನಮ್ಮಲ್ಲಿ ಇರಲಿಲ್ಲ. ಮೊದಲ ಸಲ ನಾನು ಸೂಜಿ ಹಿಡಿದು ಹೋದಾಗ ತಡೆದ.

"ಕಣ್ಣಿಗಿ ಬಟ್ಟಿ ಹಾಕ್ತೀನಿ ತಡೀರಿ ಅಕ್ಕೋರ. ಕತ್ತಲಾದ್ರ ಅದಕ್ಕ ಅಂಜಿಕಿ ಹೋಗ್ತದ."

ಹಳೆಯ ಟವೆಲ್ಲನ್ನು ಅದರ ಮುಖದ ಮೇಲೆ ಹೊದಿಸಿ, ಹಿಂಗಾಲುಗಳನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದ. ಮೊಲ ಮಿಸುಕುತ್ತಿರಲಿಲ್ಲ.

ಮೊದಲ ತಂಡದ ಮೊಲಗಳ ರಕ್ತ ತೆಗೆಯುವ ದಿನ ಅವನು ರಜೆ ಕೇಳಿದ್ದ. ಹೆಂಡತಿಯನ್ನು ಬಸುರಿಯರ ತಪಾಸಣೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಮೊಲ ನಾನೇ ಹಿಡಿಯುತ್ತೇನೆ ಎಂದು ಸರ್ ಕೋಟು ಬಿಚ್ಚಿಟ್ಟು ನಿಂತರು. ಎರಡನೆಯ ಮೊಲಕ್ಕೆ ಮತ್ತು ಸರಿಯಾಗಿ ಹತ್ತಿರಲಿಲ್ಲ. ಸೂಜಿ ತಗುಲಿದ್ದೇ ತಡ ಅದು ಎರಡೂ ಹಿಂಗಾಲು ಝಾಡಿಸಿತು. ಸರ್ ಅದನ್ನು ಬಲವಂತವಾಗಿ ಮೇಜಿಗೆ ಒತ್ತಿದರು. ಕಟಕ್ಕೆಂದು ಒಂದು ಸದ್ದಾಯಿತು. ಬೆನ್ನುಮೂಳೆ ಮುರಿದಿತ್ತು. ಮೊಲ ಕಿರುಚುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಎಳೆಮಗುವಿನ ಕೂಗಿನಂಥದೇ ಕೂಗು. ಸರ್ ಅದರ ಕತ್ತು ತಿರುಚಿ ನಿಲ್ಲಿಸಿದರು. ಇಬ್ಬರ ಬಟ್ಟೆಯ ಮೇಲೂ ರಕ್ತ ಸಿಡಿದಿತ್ತು.

ಆ ತಂಡದ ರಸ ನೀರಿಗಿಂತ ಒಂಚೂರು ಮೇಲು. ಒಂದು ವಾರ ಕಾದು ಫಿಲ್ಮು ತೊಳೆದರೆ ಮೇಲಿನ ಗೆರೆ ಮಂಕಾಗಿ ಕಂಡಿತು, ಕೆಳಗಿನದು ಇಲ್ಲವೇ ಇಲ್ಲ. ಸರ್ ಫಿಲ್ಮನ್ನು ದೀಪಕ್ಕೆ ಹಿಡಿದು ನೋಡಿ ಇಳಿಸಿದರು. ಅಷ್ಟರಲ್ಲಿ ಪ್ರಾಣಿಮನೆಯವನು ಮೇವಿನ ಚೀಟಿಗೆ ಸಹಿ ಬೇಕೆಂದು ಬಾಗಿಲಿಗೆ ಬಂದ. ಫಿಲ್ಮು ಇಡುವ ಉಕ್ಕಿನ ಪೆಟ್ಟಿಗೆ ಸರ್ ಕೈಯಲ್ಲೇ ಇತ್ತು. ಅದು ಹೋಗಿ ಅವನ ಹುಬ್ಬಿಗೆ ಬಡಿಯಿತು. ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು.

"ರಜಾ ಬೇಕಾಗಿತ್ತಾ ನಿಂಗೆ, ರಜಾ?" ಎಂದರು ಸರ್.

ಅವನು ಮೇವಿನ ಚೀಟಿಯನ್ನು ಮೇಜಿನ ಮೇಲಿಟ್ಟ. ನಾನು ಹತ್ತಿ ಒತ್ತಿ ಪ್ಲಾಸ್ಟರ್ ಹಚ್ಚಿದೆ. ಪಾಪ ಎನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅವನು ಅವತ್ತು ಬಂದಿದ್ದರೆ ಒಂದು ಮೊಲದ ರಕ್ತ ಉಳಿಯುತ್ತಿತ್ತಲ್ಲ ಎಂಬ ಮಾತೂ ಒಳಗೆ ಇತ್ತು.

ಎರಡನೆಯ ತಂಡಕ್ಕೆ ನಾಲ್ಕು ಮೊಲ. ಮೇಲಿನ ಸಾಲಿನ ಬೋನಿನಲ್ಲಿ ಎರಡು, ಕೆಳಗೆ ಎರಡು. ನಾಲ್ಕನೆಯ ದಿನ ಬೆಳಿಗ್ಗೆ ಕೆಳಸಾಲಿನ ತಟ್ಟೆ ಎಳೆದು ನೋಡಿದರೆ ಹಿಕ್ಕೆಗಳು ಇದ್ದಿಲಿನಂತೆ ಕಪ್ಪಗಿದ್ದವು. ಕರುಳಿನೊಳಗೆ ರಕ್ತ ಸೋರಿದರೆ ಹೀಗಾಗುತ್ತದೆ ಎಂದು ಓದಿದ್ದೆ. ಇನ್ನು ಈ ಎರಡೂ ಹೋದ ಹಾಗೆಯೇ ಎಂದುಕೊಂಡೆ. ಆಮೇಲೆ ಮೇವಿನ ಬೋಗುಣಿಯಲ್ಲಿ, ನೆನೆಸಿದ ಕಡಲೆಯ ಮೇಲೆ, ಕೆಂಪು ಕಂದು ಪುಡಿ ಕಂಡಿತು.

"ಏನ್ ಹಾಕಿದ್ದೀಯ ಇದಕ್ಕೆ?"

ಅವನು ತಲೆ ತಗ್ಗಿಸಿದ. ನಾನು ಕೆನ್ನೆಗೆ ಬಾರಿಸಿದೆ. ಹುಬ್ಬಿನ ಗಾಯದ ಕಡೆಯ ಕೆನ್ನೆಗೇ ಬಾರಿಸಿದೆ. ಪ್ಲಾಸ್ಟರ್ ಕಿತ್ತು ಬಂದು ಮತ್ತೆ ರಕ್ತ ಒಸರಿತು. ನನ್ನ ಜೀವನದಲ್ಲಿ ನಾನು ಕೈ ಮಾಡಿದ ಮೊದಲ ಮನುಷ್ಯ ಅವನು.

"ಗುಳಿಗಿ ರೀ," ಎಂದ. "ನಮ್ಮಾಕಿವು. ದವಾಖಾನ್ಯಾಗ ಬಸರಿ ಹೆಂಗಸರಿಗಿ ಪುಕ್ಕಟ ಕೊಡ್ತಾರ, ರಕ್ತ ಆಗ್ಲಿ ಅಂತ. ಇವಕ್ಕೂ ನಾವು ರಕ್ತ ಕಮ್ಮಿ ಮಾಡ್ಲತ್ತೀವಲ್ರಿ, ಅದಕ್ಕ ಕುಟ್ಟಿ ಹಾಕೀನಿ. ಮ್ಯಾಲಿನ ಎರಡಕ್ಕ ತಂದಿದ್ದು ಸಾಲಲಿಲ್ಲ."

"ಅವ್ಳು ತಿನ್ನಲ್ವಾ?"

"ಇಲ್ರಿ. ತಿಂದ್ರ ಕೂಸು ಕರ್ರಗ ಹುಟ್ತದಂತ ನಮ್ಮವ್ವ ಹೇಳ್ಯಾಳ. ಓಕರಿಕಿನೂ ಬರ್ತದಂತ. ಡಬ್ಬಿ ತುಂಬ ಹಂಗೇ ಅವ."

ಕಬ್ಬಿಣದ ಮಾತ್ರೆ. ಹಿಕ್ಕೆ ಕಪ್ಪಗಾಗಿದ್ದು ಅದರಿಂದ. ಬೈಯುತ್ತಲೇ ನಾಲ್ಕೂ ಮೊಲಗಳ ಕಿವಿಯಿಂದ ಒಂದೊಂದು ಹನಿ ತೆಗೆದು, ನೀಲಿ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಎಳೆಯ ಕಣಗಳಲ್ಲಿ ನೀಲಿ ಎಳೆಗಳ ಸಣ್ಣ ಬಲೆ ಕಾಣುತ್ತದೆ. ಮೇಲಿನ ಸಾಲಿನ ಮೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಕೆಳಸಾಲಿನಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ನೀಲಿ ಬಲೆ. ಮಾತ್ರೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲವೂ ಇರುತ್ತದೆ. ಹೊಸ ಕಣ ಹುಟ್ಟಲು ಮಜ್ಜೆಗೆ ಅದು ಬೇಕು. ಪುಸ್ತಕ ಓದಿದ ನನಗೆ ಹೊಳೆಯದೆ ಹೋದದ್ದು, ರಕ್ತ ಕಮ್ಮಿಯಾದವರಿಗೆ ರಕ್ತದ ಗುಳಿಗೆ ಎಂಬ ಅವನ ಸರಳ ಲೆಕ್ಕಕ್ಕೆ ಸಿಕ್ಕಿತ್ತು.

ಕೆಳಸಾಲಿನ ಎರಡು ಮೊಲಗಳ ರಸದಲ್ಲಿ ಮೊದಲ ಬಾರಿಗೆ ಕೆಳಗಿನ ಗೆರೆ ಕಂಡಿತು. ಕೂದಲೆಳೆಯಷ್ಟು, ಆದರೆ ಇತ್ತು. ಅದು ವೈರಸ್ಸಿನದೇ ಎಂದು ಸಾಬೀತು ಮಾಡಲು, ಕಾಯಿಲೆ ಬಿದ್ದು ಎದ್ದ ಮಕ್ಕಳ ಸೀರಂ, ಅಂದರೆ ರಕ್ತದ ತಿಳಿ, ಅದನ್ನು ಗುರುತಿಸಿ ಹಿಡಿಯಬೇಕು. ಅದಕ್ಕೆ ರಸ ಇನ್ನೂ ಹೆಚ್ಚು ಬೇಕಿತ್ತು. ಆರು ಮೊಲದ್ದಾದರೂ ಬೇಕು. ಉಳಿದದ್ದು ಐದು ವಾರ.

ನಾನು ಅವನಲ್ಲಿ ತಪ್ಪಾಯಿತು ಎಂದು ಹೇಳಲಿಲ್ಲ. "ಆ ಮಾತ್ರೆ ಇನ್ನೂ ತಾ," ಎಂದೆ.

ಬೀದಿಯ ಕೊನೆಯಲ್ಲೇ ಔಷಧಿ ಅಂಗಡಿ ಇತ್ತು. ಅಂಥ ಮಾತ್ರೆ ಅಲ್ಲಿ ಕಾಫಿಯ ಬೆಲೆಗೆ ಸಿಗುತ್ತಿತ್ತು. ಆದರೆ ಪ್ರಯೋಗ ಹದಕ್ಕೆ ಬಂದಾಗ ಏನನ್ನೂ ಬದಲಿಸಬಾರದು ಎಂಬುದು ನಮ್ಮ ಕಸುಬಿನ ಮೂಢನಂಬಿಕೆ. ನೀರು ಅದೇ, ಸೂಜಿ ಅದೇ, ಮಾತ್ರೆಯೂ ಅದೇ ಇರಬೇಕು. ಹೇಗೂ ಅವಳು ತಿನ್ನುವುದಿಲ್ಲವಂತೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ತಿನ್ನು ಎಂದು ಅವಳಿಗೆ ಒಂದು ಮಾತು ಹೇಳಿಸಿದ್ದರೆ ನನ್ನ ಮೊಲಗಳಿಗೆ ಸಾಲುತ್ತಿರಲಿಲ್ಲ. ಇದು ಆಗಲೂ ನನಗೆ ಗೊತ್ತಿತ್ತು. ಅವನು ದಿನವೂ ಕಾಗದದಲ್ಲಿ ಕಟ್ಟಿ ತಂದು ಕೊಟ್ಟ.

ಮೂರನೆಯ ತಂಡದ ಎಂಟನೆಯ ದಿನ ಬೆಳಿಗ್ಗೆ ಐದಕ್ಕೇ ಅವನು ಬಂದು ಆರೂ ಮೊಲಗಳ ಮೇವು ತೆಗೆದಿಟ್ಟಿದ್ದ. ಹತ್ತು ಗಂಟೆಗೆ ನಾನು ಕಿವಿಯಿಂದ ಕೊನೆಯ ರಕ್ತ ಪರೀಕ್ಷೆ ತೆಗೆಯುತ್ತಿದ್ದೆ. ಕೂದಲಿನಂಥ ಗಾಜಿನ ನಳಿಕೆಯಲ್ಲಿ ರಕ್ತ ಹೀರಿಸಿ ಗಿರಗಿರ ತಿರುಗಿಸಿದರೆ ಕಣಗಳು ಕೆಳಗೆ, ತಿಳಿ ಮೇಲೆ ನಿಲ್ಲುತ್ತದೆ. ಕೆಂಪು ಎಷ್ಟು ಎತ್ತರ ಇದೆ ಎಂದು ಅಳೆಯುವುದು. ಆರೋಗ್ಯವಿದ್ದರೆ ಅದು ನೂರಕ್ಕೆ ಮೂವತ್ತೈದರ ಆಸುಪಾಸು ಅಥವಾ ಮೇಲೆ ಇರುತ್ತದೆ. ಆಗ ಅವನ ಹೆಂಡತಿ ಬುತ್ತಿ ಹಿಡಿದು ಪ್ರಾಣಿಮನೆಯ ಬಾಗಿಲಿಗೆ ಬಂದಳು. ಮರ್ಫಿ ಟೌನಿನಿಂದ ನಡೆದೇ ಬಂದಿದ್ದಳು. ಎಂಟು ತಿಂಗಳು ತುಂಬಿದ ಹೊಟ್ಟೆ. ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಲೇ ಸೆರಗಿನ ಗಂಟು ಬಿಚ್ಚಿ ಮಾತ್ರೆ ಕೊಟ್ಟಳು.

"ಇಕಾ ತಗೋರಿ ಅಕ್ಕೋರ. ಮೊಲಕ್ಕ ಇನ್ನಾ ಬೇಕಂದಿದ್ರಂತಲ್ರಿ. ನಿನ್ನಿ ಕೊಟ್ಟಾರ."

ಚಾಚಿದ ಅಂಗೈ ನೋಡಿದೆ. ಎಂಟು ದಿನದಿಂದ ನಾನು ಮೊಲದ ಕಿವಿಯಲ್ಲಿ ನೋಡುತ್ತಿದ್ದ ಬಣ್ಣವೇ ಅದು. ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು.

"ಬೆರಳು ಕೊಡಮ್ಮ ಸ್ವಲ್ಪ."

"ಮೊಲದ ಸಂಗಡ ನಂದೂ ನೋಡ್ತೀರೇನ್ರಿ?" ಎಂದು ನಕ್ಕಳು. ಅವನು ಒಳಗೆ ಟವೆಲ್ ಒಗೆಯುತ್ತಿದ್ದ.

ಹೊಸ ಸೂಜಿಯಿಂದ ಚುಚ್ಚಿ ತೆಗೆದ ಆ ನಳಿಕೆಯನ್ನು ಆರು ಮೊಲಗಳ ನಳಿಕೆಯ ಪಕ್ಕವೇ ಇಟ್ಟು ತಿರುಗಿಸಿದೆ. ಮೊಲಗಳ ಕೆಂಪು ಹದಿನೆಂಟು, ಹತ್ತೊಂಬತ್ತು, ಹದಿನೆಂಟು ಹೀಗೆ ಬಂತು. ಅವಳದು ಹದಿನೇಳು. ಅಳತೆ ತಪ್ಪಿತೇನೋ ಎಂದು ಇನ್ನೊಮ್ಮೆ ಇಟ್ಟು ನೋಡಿದೆ. ಹದಿನೇಳೇ. ಮೊಲಗಳನ್ನು ಅಲ್ಲಿಗೆ ಇಳಿಸಲು ನಾವು ಐದು ದಿನ ವಿಷ ಹಾಕಿದ್ದೆವು.

ಅವಳನ್ನು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕಳಿಸಬೇಕು ಎಂಬುದು ನನಗೆ ತಿಳಿಯದ ವಿಷಯವಲ್ಲ. ಹೇಳಿದರೆ ಅವನು ಜೊತೆಗೆ ಹೋಗುತ್ತಾನೆ. ಮೊಲ ಹಿಡಿಯುವವರು ಬೇರೆ ಇಲ್ಲ. ಎಂಟನೆಯ ದಿನ ತಪ್ಪಿದರೆ ಎಳೆಯ ಕಣಗಳು ಬಲಿಯುತ್ತವೆ, ರಸ ಮತ್ತೆ ನೀರು. ಇನ್ನೊಂದು ತಂಡಕ್ಕೆ ದಿನವಿಲ್ಲ. ಒಂದು ಮೊಲಕ್ಕೆ ಮುಕ್ಕಾಲು ಗಂಟೆಯಂತೆ ಲೆಕ್ಕ ಹಾಕಿದೆ. ನಳಿಕೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

"ನೀನು ಹೊರಗೆ ಬೆಂಚಿನ ಮೇಲೆ ಕೂತಿರು. ಮಧ್ಯಾಹ್ನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಒಂದು ಸಲ ತೋರಿಸ್ಬಿಡೋಣ," ಎಂದೆ. ಅವಳು ತಲೆಯಾಡಿಸಿ ಹೋಗಿ ಕೂತಳು.

ನಾಲ್ಕು ಗಂಟೆ ಹಿಡಿಯಿತು. ಅವನು ಒಂದೊಂದಾಗಿ ಮೊಲ ತಂದು ಕಣ್ಣಿಗೆ ಬಟ್ಟೆ ಮುಚ್ಚಿ ಹಿಡಿದ. ನಾನು ಎದೆಯ ಎಡಕ್ಕೆ ಬೆರಳಿಟ್ಟು ಬಡಿತ ಹುಡುಕಿ ಸೂಜಿ ಇಳಿಸಿದೆ. ಸಿರಿಂಜಿನೊಳಗೆ ತೆಳ್ಳಗಿನ, ನೀರು ಬೆರೆಸಿದಂಥ ರಕ್ತ ನುಗ್ಗಿ ಬರುತ್ತಿತ್ತು. ಪ್ರತಿ ಮೊಲವೂ ಕೊನೆಗೊಮ್ಮೆ ಮೈ ಸೆಟೆದು ನಡುಗಿ ಅವನ ತೊಡೆಯ ಮೇಲೆ ಸಡಿಲವಾಗುತ್ತಿತ್ತು. ಮೂರನೆಯದರ ಸೂಜಿ ಜಾರಿ ಇಬ್ಬರ ಮುಖಕ್ಕೂ ರಕ್ತ ಚಿಮ್ಮಿತು. ಮತ್ತು ಪೂರ್ತಿ ಹತ್ತದ ಐದನೆಯದು ಸಾಯುವಾಗ ನನ್ನ ಮಣಿಕಟ್ಟು ಕಚ್ಚಿತು. ನಾನು ಒಂದು ಸಲವೂ ಹೊರಗೆ ಹೋಗಿ ಬೆಂಚು ನೋಡಲಿಲ್ಲ. ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು, ಕಣಗಳನ್ನು ತೊಳೆದು, ತಣ್ಣೀರಿನಲ್ಲಿ ಒಡೆದು, ದಾಳಿಂಬೆ ರಸದಂಥ ಕೆಂಪನ್ನು ಟ್ಯೂಬುಗಳಿಗೆ ತುಂಬಲು ಕಿರಿಯ ಸಹೋದ್ಯೋಗಿಗೆ ಕೊಟ್ಟೆ. ಆಗ ಗಂಟೆ ಎರಡು ದಾಟಿತ್ತು.

ಬೆಂಚು ಖಾಲಿ ಇತ್ತು.

"ಆಯಮ್ಮ ಆವಾಗ್ಲೇ ಹೋಯ್ತಲ್ಲಮ್ಮ," ಎಂದ ಗೇಟಿನ ಕಾವಲುಗಾರ. "ನಲ್ಲೀಲಿ ನೀರು ಬಿಡೋ ಟೈಮು, ತಪ್ಪೋದ್ರೆ ನಾಳೆಗಂಟ ಇಲ್ಲ ಅಂತು."

ನಾವಿಬ್ಬರೂ ಆಟೋ ಹಿಡಿದು ಮರ್ಫಿ ಟೌನಿಗೆ ಹೋದೆವು. ದಾರಿಯಲ್ಲಿ, ಅವಳಿಗೆ ರಕ್ತ ಸ್ವಲ್ಪ ಕಮ್ಮಿ ಇದ್ದ ಹಾಗಿದೆ ಎಂದಷ್ಟೇ ಹೇಳಿದೆ. ನಲ್ಲಿಯ ಹತ್ತಿರ ಜನ ಕೂಡಿದ್ದರು. ಕೊಡ ಸೊಂಟಕ್ಕೆ ಎತ್ತುವಾಗ ಕಣ್ಣು ಕತ್ತಲಿಟ್ಟು, ಕಲ್ಲಿನ ಕಟ್ಟೆಗೆ ಹೊಟ್ಟೆ ಬಡಿದು ಬಿದ್ದಿದ್ದಳು. ನೀರು ಹರಿಯುವ ಮೋರಿ ಕೆಂಪಾಗಿತ್ತು. ಹೆಂಗಸರು ಅವಳ ಕಾಲು ಎತ್ತಿ ಹಿಡಿದು ಕೂತಿದ್ದರು. ಆಸ್ಪತ್ರೆಯಲ್ಲಿ ಸಂಜೆಯೊಳಗೆ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಅವಳಿಗೆ ಮೂರು ಬಾಟಲಿ ರಕ್ತ ಕೊಟ್ಟರು. ಒಂದು ನನ್ನದು. ಇಷ್ಟು ಕಮ್ಮಿ ರಕ್ತದವರಿಗೆ ಇದು ಯಾವ ದಿನ ಬೇಕಾದರೂ ಆಗಬಹುದಿತ್ತು ಎಂದರು ಅಲ್ಲಿನ ಡಾಕ್ಟರು. ಆ ಮಾತನ್ನು ನಾನು ಬಹಳ ವರ್ಷ ಹಿಡಿದುಕೊಂಡಿದ್ದೆ.

ಅವನು ಹೊರಗೆ ಬಂದು ನನ್ನ ಪಕ್ಕ ನಿಂತ. "ಬೆಳ್ಳಗಿತ್ರಿ ಕೂಸು," ಎಂದ. "ಹಾಳಿ ಹಂಗ ಬೆಳ್ಳಗಿತ್ತು."

ಹನ್ನೆರಡು ದಿನ ಕಳೆದು ಅವನು ಕೆಲಸಕ್ಕೆ ಬಂದ. ಅಷ್ಟರಲ್ಲಿ ಫಿಲ್ಮು ತೊಳೆದಾಗಿತ್ತು. ಮೇಲಿನ ಗೆರೆ ಕಪ್ಪಗೆ, ಕೆಳಗಿನ ಗೆರೆ ಅದಕ್ಕಿಂತ ಸಣ್ಣಗೆ, ಸ್ಪಷ್ಟವಾಗಿ. ಗುಣವಾದ ಮಕ್ಕಳ ಸೀರಂ ಅದನ್ನು ಹಿಡಿದಿತ್ತು, ಕಾಯಿಲೆ ಬರದ ಮಕ್ಕಳ ಸೀರಂ ಹಿಡಿದಿರಲಿಲ್ಲ. ಎರಡನೆಯ ಪ್ರೋಟೀನು ಇತ್ತು. ಸರ್ ಫಿಲ್ಮನ್ನು ದೀಪಕ್ಕೆ ಹಿಡಿದು, ಇಳಿಸಿ, ಮೇಜಿನ ಮೇಲೆ ಮೆತ್ತಗೆ ಇಟ್ಟರು. "ಥೀಸಿಸ್ ಬರಿ ಇನ್ನು," ಎಂದರು. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಅವನು ಪ್ರಾಣಿಮನೆಯ ಬಾಗಿಲಲ್ಲಿ ಎರಡೂ ಕೈ ಜೋಡಿಸಿದ. "ನೀವು ರಕ್ತ ಕೊಟ್ಟಿದ್ದಿಲ್ಲಂದ್ರ ಆಕಿನೂ ಉಳೀತಿದ್ದಿಲ್ಲ ಅಕ್ಕೋರ."

ಸುಮ್ಮನಿದ್ದುಬಿಡಬಹುದಿತ್ತು. ಆ ಜೋಡಿಸಿದ ಕೈ ನೋಡಲು ಆಗಲಿಲ್ಲ. ಹೇಳಿಬಿಟ್ಟೆ. ಅವತ್ತು ಹತ್ತು ಗಂಟೆಗೇ ಅವಳ ಬೆರಳು ಚುಚ್ಚಿ ನೋಡಿದ್ದು, ಹದಿನೇಳು ಬಂದದ್ದು, ಮೊಲ ಹಿಡಿಯುವವರಿಲ್ಲ ಎಂದು ಎರಡರವರೆಗೆ ಬಾಯಿ ಮುಚ್ಚಿಕೊಂಡದ್ದು. ಅವನು ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಹಗುರಾಗುತ್ತಿದ್ದೆ. ಅವನು ಜೋಡಿಸಿದ್ದ ಕೈ ಬಿಡಿಸಿದ.

"ನನಗ ಹೇಳಬೇಕಿತ್ರಿ," ಎಂದ. "ಮೊಲ ಮತ್ತ ಸಿಗ್ತಿದ್ದವು."

ಬೋನುಗಳಿಗೆ ನೀರು ಹಾಕಿ, ಬೀಗದ ಕೈಯನ್ನು ಮೊಳೆಗೆ ತೂಗುಹಾಕಿ ಹೋದ. ಮರುದಿನ ಬರಲಿಲ್ಲ. ಕೋಣೆ ಖಾಲಿ ಮಾಡಿ ಊರಿಗೆ ಹೋದರು ಎಂದು ಮರ್ಫಿ ಟೌನಿನಲ್ಲಿ ಹೇಳಿದರು.

ಥೀಸಿಸ್ ಬರೆದು ಮುಗಿಸಿದೆ. ಬಳಸಿದ ಪ್ರತಿಯೊಂದು ವಸ್ತುವೂ ಎಲ್ಲಿಂದ ಬಂತು ಎಂದು ಅದರಲ್ಲಿ ಬರೆಯಬೇಕಾದ ಒಂದು ಅಧ್ಯಾಯ ಇರುತ್ತದೆ. ಉಪ್ಪು, ಫಿಲ್ಮು, ಮೊಲ, ಎಲ್ಲಕ್ಕೂ ಬರೆದೆ. ಮೊಲಗಳಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತಿನ್ನಿಸಲಾಯಿತು ಎಂದೂ ಬರೆದೆ. ಅದು ಎಲ್ಲಿಂದ ಬಂತು ಎಂಬ ಜಾಗವನ್ನು ಕೊನೆಯವರೆಗೆ ಖಾಲಿ ಬಿಟ್ಟಿದ್ದೆ. ಆಮೇಲೆ, ಸ್ಥಳೀಯ ಔಷಧಿ ಅಂಗಡಿಯಿಂದ ಕೊಂಡದ್ದು ಎಂದು ಬರೆದೆ. ಪರೀಕ್ಷಕರು ಆ ಸಾಲಿನ ಬಗ್ಗೆ ಏನೂ ಕೇಳಲಿಲ್ಲ.